ತಟ್ಟೆಯಲ್ಲಿ ಉಳಿದ ಚೀಟಿ

ಬನಹಟ್ಟಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಂದು ಹಿತ್ತಾಳೆ ತಟ್ಟೆ ತಿರುಗುತ್ತದೆ. ಅದರ ತುಂಬ ಚೀಟಿ. ಸೀರೆ ಮಡಿಚುವಾಗ ಒಳಗಿಡುತ್ತಾರಲ್ಲ, ಆ ರಟ್ಟನ್ನು ಎರಡು ಬೆರಳಗಲ ಕತ್ತರಿಸಿ, ಒಂದೊಂದರ ಮೇಲೂ ದೇವರ ಒಂದೊಂದು ಮಾತನ್ನು ಕನ್ನಡ ಸಾಲಿ ಮಾಸ್ತರು ನೀಲಿ ಮಸಿಯಲ್ಲಿ ಬರೆದಿರುತ್ತಾರೆ. ಬರೆದ ಮಗ್ಗುಲು ಕೆಳಗೆ. ಯಾರ ಕೈಗೆ ಯಾವುದು ಬಂತೋ ಅದೇ ಅವರಿಗೆ ಆ ವರ್ಷದ ವಾಗ್ದಾನ. ತಲೆ ಎಣಿಸಿ ಬರೆದ ಚೀಟಿ, ಒಂದೂ ಹೆಚ್ಚಿರುವುದಿಲ್ಲ.

ಎತ್ತುವಾಗ ಕಣ್ಣು ಮುಚ್ಚಬೇಕೆಂಬುದು ನಿಯಮ. ಎಲ್ಲರೂ ಒಂದು ಕಣ್ಣು ಮುಚ್ಚುತ್ತಿದ್ದರು. ಕಣಜ ತುಂಬುವುದು, ವೈರಿ ಓಡುವುದು, ತಲೆ ಎತ್ತಿ ನಡೆಯುವುದು, ಇಂಥದು ಬಂದರೆ ಚೀಟಿ ನೇರ ಜೇಬಿಗೆ. ಬಡವರು, ಅಳುವವರು, ಜನರಿಂದ ಬೈಸಿಕೊಂಡವರು ಧನ್ಯರು ಎಂಬ ಅರ್ಥದ್ದು ಬಂದರೆ, "ಎರಡ ಅಂಟಿಕೊಂಡ ಬಂದಾವ್ರಿ" ಎಂದು ಅದು ತಟ್ಟೆಗೆ ವಾಪಸ್, ಕೈಗೆ ಇನ್ನೊಂದು. ನಮ್ಮ ಸ್ವಾಮಿ ಬೆಟ್ಟದ ಮೇಲೆ ಕುಳಿತು ಯಾರು ಧನ್ಯರೆಂದು ಬಿಡಿಸಿ ಹೇಳಿದ ಮಾತುಗಳೇ ಅವು. ಅವೇ ನಮ್ಮಲ್ಲಿ ಯಾರಿಗೂ ಬೇಡ.

ತಟ್ಟೆ ಹೊರಡುವುದು ಮುಂದಿನಿಂದ. ಮೊದಲು ಆರಾಧನೆ ನಡೆಸಲು ಮುಧೋಳದಿಂದ ಬಸ್ಸಿಗೆ ಬಂದ ಅಯ್ಯನವರು, ಆಮೇಲೆ ಸಭೆಯ ಯಜಮಾನಿಕೆಯ ಹಿರಿಯರು, ಹಿರಿಯರ ಮನೆಯವರು, ಸ್ವಂತ ಮಗ್ಗ ಇದ್ದವರು, ಕೂಲಿ ನೇಯುವವರು. ಕಡೆಗೆ ಬಾಗಿಲ ಹತ್ತಿರ ಜಮಖಾನೆ ಮುಗಿದಲ್ಲಿ, ಒಂದು ಕಾಲು ಚಾಚಿಕೊಂಡು ಕುಳಿತ ಆಯಿ. ಅಷ್ಟು ಹೊತ್ತಿಗೆ ತಟ್ಟೆಯಲ್ಲಿ ಒಂದೇ ಚೀಟಿ. ಇಡೀ ಸಭೆ ಮುಟ್ಟಿ ಬಿಟ್ಟದ್ದು.

ಹೋದ ದೀಪಾವಳಿಯ ಮರುವಾರ ಆ ಆಯಿ ತೀರಿಕೊಂಡಳು. ಅವಳ ಹೆಸರು ನಾನು ಬರೆಯುವುದಿಲ್ಲ. ಬರೆದರೂ ಊರಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ಅವಳು ಎಲ್ಲರಿಗೂ ಬರೇ ಆಯಿ.

ನಾನು ಬೀಳಗಿಯಿಂದ ಮದುವೆಯಾಗಿ ಈ ಓಣಿಗೆ ಬಂದಾಗಲೇ ಅವಳಿಗೆ ಐವತ್ತು ದಾಟಿತ್ತು. ಗಂಡ ನೇಕಾರ, ಕೆಮ್ಮಿ ಕೆಮ್ಮಿ ಸತ್ತಿದ್ದ. ನಮ್ಮ ಸಭೆ ಕೂಡುವ ಗುಡಿಯ ಹಿಂದಿನ ಒಂದಂಕಣದ ಖೋಲಿಯಲ್ಲಿ ತಾಯಿ ಮಗ ಇದ್ದರು. ಗುಡಿ ಗುಡಿಸುವುದು, ಗಂಟೆ ಹೊಡೆಯುವುದು ಖೋಲಿಯ ಬಾಡಿಗೆ; ಹೊಟ್ಟೆಗೆ ಕಂಡಿಕೆ ಸುತ್ತುವ ಕೆಲಸ. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ನಮ್ಮಲ್ಲಿ ಕಂಡಿಕೆ ಅನ್ನುತ್ತಾರೆ. ದಿನವಿಡೀ ರಾಟಿ ತಿರುಗಿಸಿ ಅವಳ ಎಡಗೈ ಹೆಬ್ಬೆರಳಲ್ಲಿ ನೂಲು ಹರಿದ ಗೀರು ಬಿದ್ದಿತ್ತು, ಬಾವಿಯ ಕಲ್ಲಿಗೆ ಹಗ್ಗದ ಗೀರು ಬೀಳುವ ಹಾಗೆ. ಹುಬ್ಬಿನ ಮೇಲೆ ಸದಾ ಅರಳೆ. ಗುಡಿಗೆ ಬರುವಾಗ ಮುಖ ತೊಳೆದರೂ ಹುಬ್ಬು ಮರೆಯುತ್ತಿದ್ದಳು.

ಗಂಟೆ ಅಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ರೈಲು ಬಾರದ ಊರಿಗೆ ಹಳಿಯಷ್ಟೇ ಬಂದಿತ್ತು. ಆಯಿ ಹೊಡೆಯುವ ಕ್ರಮ ಬೇರೆ. ಹನ್ನೆರಡು ಪೆಟ್ಟು ಹೊಡೆದು, ಒಳಗೆ ಇಣುಕಿ, ಯಾರು ಬಂದಿಲ್ಲ ನೋಡುತ್ತಿದ್ದಳು. ಹಿರಿಯರು ತಡವಾದರೆ ಅವರು ಓಣಿಯ ಮೂಲೆ ತಿರುಗಿ ಮೆಟ್ಟಿಲು ಹತ್ತುವವರೆಗೂ ಬಡಿತ ನಿಲ್ಲುತ್ತಿರಲಿಲ್ಲ. ಒಮ್ಮೆ ಅವರು ಸಿಟ್ಟಾದರು.

"ಸಾಕ ಮಾಡ, ಆಯಿ! ಇಡೀ ಊರ ನನ್ನ ನೋಡಾಕತ್ತೈತಿ."

"ದೇವ್ರು ನೋಡಿದ್ರ ನಡೀತೈತಿ, ಊರ ನೋಡಿದ್ರ ನಾಚಿಕಿ ಏನ್ರಿ ಸಾವ್ಕಾರ್ರ?"

ಈ ಹಿರಿಯರ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಲ್ಕು ಪವರ್‌ಲೂಮಿನ ಯಜಮಾನರು. ಒಂದೊಂದು ಲೂಮಿನ ಮೇಲೂ ಬಿಳಿ ಬಣ್ಣದಲ್ಲಿ ಆಶೀರ್ವಾದ ಒಂದು, ಆಶೀರ್ವಾದ ಎರಡು ಎಂದು ಬರೆಸಿದ್ದರು. "ಮೂರನೇ ಆಶೀರ್ವಾದದ ಬೆಲ್ಟ ಹರೀತ್ರಿ" ಎಂದು ಕೂಲಿಯವರು ಅಂಗಳಕ್ಕೆ ಓಡಿ ಬರುತ್ತಿದ್ದರು. ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಭಾನುವಾರ ಅವರು ಎದ್ದರೆ ನಾವು ಕಾಲು ಬದಲಿಸಿ ಕೂರುತ್ತಿದ್ದೆವು. ದೇವರು ಮೊದಲ ಲೂಮು ಕೊಟ್ಟದ್ದು, ಎರಡನೆಯದು ಕೊಟ್ಟದ್ದು, ಸ್ಕೂಟರ್ ಕೊಟ್ಟದ್ದು, ಸ್ಕೂಟರಿನ ಗಾಲಿ ಪಂಕ್ಚರ್ ಆದಾಗ ಎದುರಿಗೇ ಅಂಗಡಿ ಕೊಟ್ಟದ್ದು. ಇದೆಲ್ಲ ಆಗಿ, "ದೇವ್ರ ಯಾರನ್ನ ಮೆಚ್ಚತಾನ, ಅವ್ರ ಮನಿ ನೋಡಿದ್ರ ಗೊತ್ತಾಗತೈತಿ" ಎಂದು ಸುತ್ತ ನೋಡಿ ಕೂರುತ್ತಿದ್ದರು. ನಾವೂ ನಮ್ಮ ನಮ್ಮ ಮನೆಗಳನ್ನು ನೆನೆದು ತಲೆ ತಗ್ಗಿಸುತ್ತಿದ್ದೆವು.

ಆಮೇಲೆ ಆಯಿ ಏಳುತ್ತಿದ್ದಳು. "ಈ ವಾರ ಎಲ್ಡ ದಿನ ಕರೆಂಟ್ ಇರಲಿಲ್ರಿ. ಎರಡನೇ ಆಶೀರ್ವಾದ ನಿಂತಿತ್ತು. ಕಂಡಿಕಿ ಕೊಡ ಅಂತ ಯಾರೂ ಒದರಲಿಲ್ಲ. ಮಧ್ಯಾಹ್ನ ಛಲೋ ನಿದ್ದಿ ಮಾಡೇನಿ. ಸ್ತೋತ್ರ."

ಅಯ್ಯನವರು ಕೆಮ್ಮುವ ನೆಪದಲ್ಲಿ ಟವೆಲಿನಿಂದ ಬಾಯಿ ಮುಚ್ಚುತ್ತಿದ್ದರು.

ಅವಳ ಮಗ ಜ್ವರ ಬಂದು ಸತ್ತದ್ದು ಒಂದು ಶ್ರಾವಣದಲ್ಲಿ. ಇಪ್ಪತ್ತಾರರ ಹುಡುಗ, ಮದುವೆಯ ಮಾತು ನಡೆದಿತ್ತು. ಮಣ್ಣು ಮಾಡಿ ಬಂದ ದಿನ ಹಿರಿಯರು ಸಮಾಧಾನ ಹೇಳಲು ಹೋಗಿ, "ಏನಾರ ಪಾಪ ಇದ್ರ ಅರಿಕಿ ಮಾಡ್ಕೋ ಆಯಿ, ಆಶೀರ್ವಾದ ತಿರುಗಿ ಬರತೈತಿ" ಅಂದರು. ಆಯಿ ಮರುದಿನ ಗಂಟೆ ಹೊಡೆದಳು, ರಾಟಿ ತಿರುಗಿಸಿದಳು. ಅತ್ತದ್ದನ್ನು ಯಾರೂ ನೋಡಲಿಲ್ಲ.

ಅದರ ಮುಂದಿನ ಹೊಸ ವರ್ಷಕ್ಕೆ ನಾನು ಕೈಗೂಸಿನವಳೆಂದು ಬಾಗಿಲ ಹತ್ತಿರ, ಆಯಿಗೆ ತಾಗಿ ಕುಳಿತಿದ್ದೆ. ತಟ್ಟೆ ನನಗೆ ಬಂದು, ನನ್ನಿಂದ ಅವಳಿಗೆ ಹೋಯಿತು. ಅವಳಿಗೆ ಅಕ್ಷರ ಬಾರದು; ನಾನು ಏಳನೆಯವರೆಗೆ ಓದಿದವಳು. "ಓದ ತಂಗೀ, ಏನ ಕೊಟ್ಟಾನ ನೋಡೂಣು" ಎಂದು ಚೀಟಿಯನ್ನು ನನ್ನ ಕೈಗಿಟ್ಟಳು.

ಅಳುವವರು ಧನ್ಯರು, ಅವರಿಗೆ ಸಮಾಧಾನ ಸಿಕ್ಕುತ್ತದೆ ಎಂಬರ್ಥದ ಚೀಟಿ ಅದು. ಮಗ ಹೋಗಿ ಐದು ತಿಂಗಳಾದ ತಾಯಿಗೆ, ನೀನೇ ಧನ್ಯಳು ಎಂದು ಯಾವ ಬಾಯಿಂದ ಓದಲಿ? ನನ್ನ ಮಡಿಲಲ್ಲಿ ಕೂಸು ಬೇರೆ. ನಾನು ಅಂದೆ: "ನಿನ್ನ ಕಣಜ ತುಂಬಿ ಚೆಲ್ಲತೈತಿ ಅಂತ ಐತಿ, ಆಯಿ."

"ಕಣಜ?" ಅಂದಳು. ಚೀಟಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸೆರಗಿನ ತುದಿಗೆ ಗಂಟು ಹಾಕಿದಳು.

ಗುಡಿ ಬಿಟ್ಟ ಮೇಲೆ ಅವಳು ಖೋಲಿಗೆ ಹೋಗಲಿಲ್ಲ. ಓಣಿ ದಾಟಿ ಎದುರಿನ ಒಕ್ಕಲುತನದ ಮನೆಗೆ ಹೋದಳು. ಆ ಮನೆಯ ಯಜಮಾನತಿ ಶಿವಲಿಂಗವ್ವ, ಲಿಂಗವಂತರಾಕಿ, ಹಿತ್ತಲಲ್ಲಿ ಎಮ್ಮೆಗೆ ಮೈ ತೊಳೆಯುತ್ತಿದ್ದಳಂತೆ. ಆಯಿ ಕಟ್ಟೆಯ ಮೇಲೆ ಕುಳಿತು, "ಯವ್ವಾ ಶಿವಲಿಂಗವ್ವಾ, ನಿಮ್ಮ ಚೀಟಿ ನನ್ನ ಕಡೆ ಬಂದೈತಿ. ಈ ವರ್ಷ ನಿಮ್ಮ ಕಣಜ ತುಂಬಿ ಚೆಲ್ಲತೈತಂತ" ಅಂದಳಂತೆ.

"ನಮ್ಮ ಚೀಟಿ ನಿಮ್ಮ ದೇವ್ರ ಕಡೆ ಹೆಂಗ ಹೋತ ಬೇ?"

"ಯಾರಿಗ್ಗೊತ್ತು. ಕಣಜ ಇದ್ದಾವ್ರಿಗೆ ಕಣಜದ ಚೀಟಿ. ನಾ ಮುಟ್ಟಿಸಾಕ ಬಂದೇನಿ."

ಆ ವರ್ಷ ಶಿವಲಿಂಗವ್ವನ ಜೋಳ ಚೆನ್ನಾಗಿ ಬಂತು. ಎಮ್ಮೆಯೂ ಈಯಿತು. ಕಾಲುವೆಗೆ ನೀರು ಬಿಟ್ಟಿದ್ದರಿಂದ ಎಲ್ಲರ ಜೋಳವೂ ಚೆನ್ನಾಗಿಯೇ ಬಂದಿತ್ತು. ಆದರೆ ಶಿವಲಿಂಗವ್ವ ಎರಡು ಸೇರು ಗಿಣ್ಣದ ಹಾಲನ್ನು ಮೊದಲು ಕಳಿಸಿದ್ದು ಆಯಿಯ ಖೋಲಿಗೆ.

ಒಮ್ಮೆ ಸುಳ್ಳು ಓದಿದವಳಿಗೆ ಮರುವರ್ಷ ಖರೆ ಓದುವುದು ಕಷ್ಟ. ನನಗೂ ಬಾಗಿಲ ಹತ್ತಿರದ ಜಾಗ ಖಾಯಂ ಆಯಿತು. ಪ್ರತಿ ವರ್ಷ ಅವಳಿಗೆ ಅದೇ ಜಾತಿಯ ಚೀಟಿ, ನನ್ನಿಂದ ಅದೇ ಜಾತಿಯ ಸುಳ್ಳು. ಬರೀ ಸುಳ್ಳೆಂದು ನನಗೆ ಅನ್ನಿಸುತ್ತಲೂ ಇರಲಿಲ್ಲ. ಪಾಪ, ಮುದುಕಿ ಒಂದು ದಿನವಾದರೂ ಖುಷಿಯಾಗಿರಲಿ ಎಂಬ ಪುಣ್ಯದ ಕೆಲಸ ಅಂದುಕೊಂಡಿದ್ದೆ.

ನಿನ್ನ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ಒಂದು ವರ್ಷ ಓದಿದೆ. ಬಾಯಿಗೆ ಬಂದದ್ದು. ಆಯಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ನಕ್ಕವಳು ಸೀದಾ ದರ್ಜಿಯ ಹೆಂಡತಿ ಹಸೀನಾಳ ಮನೆಗೆ ಹೋಗಿ, ಮದುವೆಯಾಗಿ ಎಂಟು ವರ್ಷವಾಗಿದ್ದ ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನ ಚೀಟಿ ನನ್ನ ಕಡೆ ಬಂದಿತ್ತ ನೋಡ" ಅಂದಳು. ಇನ್ನೊಂದು ವರ್ಷ, ನಿನ್ನ ವೈರಿಗಳು ನಿನ್ನ ಕಾಲಕೆಳಗೆ ಬೀಳುತ್ತಾರೆ ಎಂದು ಓದಿದಾಗ ಬಹಳ ಹೊತ್ತು ಯೋಚಿಸಿದಳು. ವೈರಿ ಯಾರೂ ನೆನಪಾಗಲಿಲ್ಲ. ಕಡೆಗೆ ಹಿರಿಯರ ನೂಲಿನ ಉಗ್ರಾಣದ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಅದಕ್ಕೆ ಹೇಳಿದಳು. ಇಲಿ ಗಂಜಿ ಹಾಕಿದ ನೂಲು ಕಡಿಯುತ್ತಿದ್ದ ಕಾಲ. "ಇದು ನಿಂದ ನೋಡಪಾ. ಓಡಿಸು."

ಹಸೀನಾಳಿಗೆ ಹೆಣ್ಣು ಹುಟ್ಟಿದ ಮೇಲೆ ಸುದ್ದಿ ಹಬ್ಬಿತು. ಹೊಸ ವರ್ಷದ ಮಧ್ಯಾಹ್ನ ಓಣಿಯ ಹೆಂಗಸರು, ಈ ಸಲದ ಚೀಟಿ ಯಾರದು ಎಂದು ಆಯಿಯ ಖೋಲಿಯ ಮುಂದೆ ಕೂರುವುದು ರೂಢಿಯಾಯಿತು. ಸಭೆಯ ಕಮಿಟಿ ಅವಳನ್ನು ಕರೆಸಿತು.

"ಆಯಿ, ನೀ ಸಭೆ ಆಶೀರ್ವಾದ ಹೊರಗಿನಾವ್ರಿಗೆ ಹಂಚಾಕತ್ತೀಯಂತ. ಖರೆ ಏನ?" ಅಂದರು ಹಿರಿಯರು.

"ಖರೇ ರೀ."

"ಅದು ನಮಗ ಕೊಟ್ಟಿದ್ದು. ಹಂಗ ಓಣಿ ಓಣಿ ಹಂಚೂದಲ್ಲ."

"ಹಂಚಿದ್ರ ಕಡಿಮಿ ಆಗಾಕ ಅದೇನ ರೇಷನ್ ಸಕ್ರಿ ಏನ್ರಿ? ನಿಮ್ಮ ಬೆಕ್ಕಿಗೂ ಕೊಟ್ಟೇನಿ. ಇಲಿ ಕಡಿಮಿ ಆಗಿಲ್ಲೇನ?"

ಇಲಿ ಕಡಿಮೆಯಾಗಿದ್ದವು. ಕಮಿಟಿ ಮುಂದಿನ ವಿಷಯಕ್ಕೆ ಹೋಯಿತು.

ಅವಳು ಚೀಟಿ ಕೊಟ್ಟುಬರುವುದನ್ನು ನಾನು ಔದಾರ್ಯ ಅಂದುಕೊಂಡಿದ್ದೆ. ಮನೆಯಲ್ಲಿ ನಮ್ಮ ಯಜಮಾನರಿಗೆ ರೊಟ್ಟಿ ಬಡಿಸುತ್ತ ಹೇಳಿ ಹೇಳಿ ನಗುತ್ತಿದ್ದೆ. ಹೀಗೆ ಹತ್ತು ವರ್ಷ ಹೋಯಿತು.

ಹನ್ನೊಂದನೆಯ ಹೊಸ ವರ್ಷ ಹತ್ತಿರ ಬಂದಾಗ ಹಿರಿಯರಿಗೆ ಒಂದು ದರ್ಶನವಾಯಿತು. ಗುಡಿಯ ಹಿಂದೆ ಅತಿಥಿಗೃಹ ಕಟ್ಟಬೇಕು. ಹುಬ್ಬಳ್ಳಿ, ಬೆಳಗಾವಿಯಿಂದ ಬರುವ ದೊಡ್ಡ ಬೋಧಕರಿಗೆ ಇಳಿದುಕೊಳ್ಳಲು ಜಾಗ, ಒಳಗೇ ಸಂಡಾಸು, ಗೋಡೆಗೆ ಶಹಾಬಾದಿ ಕಲ್ಲಿನಲ್ಲಿ ಕೊಟ್ಟವರ ಹೆಸರು. ಗುಡಿಯ ಹಿಂದೆ ಇದ್ದದ್ದು ಆಯಿಯ ಖೋಲಿ. ಅವಳು ಎಲ್ಲಿಗೆ ಹೋಗಬೇಕೆಂದು ಯಾರೋ ಕೇಳಿದ್ದಕ್ಕೆ, ದೇವರು ಒದಗಿಸುತ್ತಾನೆ ಅಂದರು.

ಆಯಿಯ ತಂಗಿಯ ಮಗ ಸಾವಳಗಿಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಸುದ್ದಿ ತಿಳಿದು ಹೊಸ ವರ್ಷದ ಬೆಳಗಿನ ಬಸ್ಸಿಗೇ ಬಂದ. "ದೊಡ್ಡವ್ವಾ, ಒಂದ ಖೋಲಿ ಖಾಲಿ ಐತಿ. ಇವತ್ತ ಬರತೇನಿ ಅಂದ್ರ ನಿಂದು. ಇಲ್ಲಂದ್ರ ನನ್ನ ಹೆಂಡ್ತಿ ತವರಿನಾವ್ರು ಬಂದ ಕೂಡತಾರ, ಆಮ್ಯಾಲ ನನ್ನ ಕೈಯಾಗಿಲ್ಲ."

"ಗುಡಿ ಬಿಡ್ಲಿ, ಹೇಳತೇನಿ" ಅಂದಳಂತೆ ಆಯಿ.

ಅವನು ಬೇವಿನ ಮರದ ಕೆಳಗೆ ಕುಳಿತ. ಒಳಗೆ ತಟ್ಟೆ ಬಂತು. ಆಯಿ ಉಳಿದ ಚೀಟಿ ಎತ್ತಿ, ಅದನ್ನು ನನ್ನ ಕೈಗಿಡುವ ಮೊದಲು ನನ್ನ ಮಣಿಕಟ್ಟು ಹಿಡಿದಳು.

"ತಂಗೀ, ಈ ಸಲ ಸರಿಯಾಗಿ ನೋಡಿ ಓದ. ಹೋಗೂದೋ ಇರೂದೋ, ಇದರಾಗ ಏನೈತಿ ಅದ ಮಾಡ್ತೇನಿ."

ಚೀಟಿಯಲ್ಲಿದ್ದದ್ದು ಬಡವರ ಮಾತು. ಪರಲೋಕ ಅವರದು ಎಂಬರ್ಥದ್ದು. ನನಗೆ ಅವಳು ಹೋಗುವುದು ಬೇಡವಾಗಿತ್ತು. ಅವಳಿಲ್ಲದ ಓಣಿ ನನಗೆ ಕಲ್ಪನೆಗೇ ಬರುತ್ತಿರಲಿಲ್ಲ. ಹಿರಿಯರು ಬಾಯಲ್ಲಿ ಕಟ್ಟಿದ ಎಷ್ಟೋ ಕಟ್ಟಡಗಳ ಹಾಗೆ ಇದೂ ಬಾಯಲ್ಲೇ ಉಳಿಯುತ್ತದೆ ಅಂದುಕೊಂಡೆ. "ನೀ ಇದ್ದ ಜಾಗದಿಂದ ನಿನ್ನನ್ನ ಯಾರೂ ಕದಲಸಾಂಗಿಲ್ಲ ಅಂತ ಐತಿ" ಅಂದೆ.

ಆಯಿಯ ಮುಖ ನೋಡಬೇಕಾಗಿತ್ತು. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, "ಇದು ನಂದ!" ಅಂದಳು. ಅರ್ಧ ಸಭೆ ಹಿಂದಿರುಗಿ ನೋಡಿತು. ಆ ಮಧ್ಯಾಹ್ನ ಅವಳು ಯಾರ ಮನೆಗೂ ಹೋಗಲಿಲ್ಲ. ತಂಗಿಯ ಮಗನಿಗೆ ಎರಡು ರೊಟ್ಟಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದಳು.

ಹಿರಿಯರು ಈ ಸಲ ಬಾಯಲ್ಲಿ ಕಟ್ಟಲಿಲ್ಲ. ಶಿವರಾತ್ರಿ ಕಳೆದ ವಾರ ಆಳುಗಳು ಬಂದು ಖೋಲಿಯ ಹೆಂಚು ಇಳಿಸಿದರು. ನಾನು ಸುದ್ದಿ ಕೇಳಿ ಓಡಿದಾಗ ನಡು ಮಧ್ಯಾಹ್ನ. ಕರೆಂಟು ಹೋಗಿ ಓಣಿಯ ಲೂಮುಗಳೆಲ್ಲ ನಿಂತಿದ್ದವು. ಮೇಲೆ ಬರೀ ತೊಲೆ, ಕೆಳಗೆ ಬಿಸಿಲಲ್ಲಿ ರಾಟಿ, ಒಂದು ಬಿಸ್ಕಿಟ್ ಡಬ್ಬಿ, ಆಯಿ. ಕಂಡಿಕೆ ಸುತ್ತುತ್ತಲೇ ಇದ್ದಳು.

"ಬಾ ತಂಗೀ. ಹೆಂಚು ತಗದ್ರೂ ಚಿಂತಿಲ್ಲ. ಕದಲಸಾಂಗಿಲ್ಲ ಅಂತ ಬರದೈತಲ್ಲ."

ಅವಳ ಎದುರು ಹೆಂಚಿನ ಚೂರುಗಳ ಮೇಲೇ ಕುಳಿತುಬಿಟ್ಟೆ. "ಹಂಗ ಬರದಿಲ್ಲ ಆಯಿ" ಅಂದೆ. "ನಾ ಸುಳ್ಳ ಓದೇನಿ. ಇದೊಂದ ಅಲ್ಲ. ಎಲ್ಲಾ."

ರಾಟಿ ನಿಂತಿತು. ಅವಳು ಹೆಬ್ಬೆರಳಿನ ಗೀರನ್ನೇ ನೋಡುತ್ತಿದ್ದಳು. ಬೈದಿದ್ದರೆ ಸುಲಭವಾಗುತ್ತಿತ್ತು.

"ಮತ್ತ ಏನ ಬರದಿತ್ತು?"

ಹೇಳಿದೆ. ಏನೂ ಇಲ್ಲದವರು ಧನ್ಯರು, ದೇವರ ರಾಜ್ಯ ಅವರದು ಎಂದಿತ್ತು ಅಂದೆ. ಆಯಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮಡಿಲಿಗೆ ಸುರಿದಳು. ಹನ್ನೊಂದೂ ಚೀಟಿ ಅದರಲ್ಲಿದ್ದವು. "ಎಲ್ಲಾ ಓದ. ಇದ್ದದ್ದ ಇದ್ದಂಗ."

ಓದಿದೆ. ಬಡವರದು ನಾಲ್ಕು. ಬೈಸಿಕೊಂಡವರದು ಎರಡು. ಶಾಂತ ಸ್ವಭಾವದವರದು, ಹಸಿದವರದು. ಹೀಗೆ ಒಂದೊಂದಾಗಿ. ಅಳುವವರ ಚೀಟಿ ಬಂದಾಗ, "ಇದು ಯಾವ ವರ್ಷದ್ದು?" ಅಂದಳು.

"ಮೊದಲ್ನೇದು. ಅವ್ನು ಹೋದ ವರ್ಷ."

"ಆ ವರ್ಷ ನನಗ ಈ ಮಾತ ಬೇಕಾಗಿತ್ತಲ್ಲೇ ಹುಚ್ಚಿ" ಅಂದಳು ಆಯಿ. "ನೀ ಕಣಜ ಕೊಟ್ಟಿ. ಕಣಜದಾಗ ಕುಂತ ನಾ ಹೆಂಗ ಅಳಲಿ? ಪಾಪ ಮಾಡೇನಿ, ನನ್ನ ಹೆಸರ ಅವ್ನ ಪಟ್ಟಿದಾಗ ಇಲ್ಲ, ಬ್ಯಾರೇದಾವ್ರ ಚೀಟಿ ತಪ್ಪಿ ನನ್ನ ಕೈಗೆ ಬರಾಕತ್ತಾವ ಅಂತ ತಿಳ್ಕೊಂಡಿದ್ನಲ್ಲ. ಅದಕ್ಕ ಹೋಗಿ ಹೋಗಿ ಮುಟ್ಟಿಸಿ ಬರ್ತಿದ್ನಿ."

ನಾನು ಮಡಿಲಲ್ಲಿದ್ದ ಚೀಟಿಗಳನ್ನು ಒಟ್ಟು ಮಾಡಿದೆ.

ಅವಳು ಹನ್ನೊಂದು ಚೀಟಿಗಳನ್ನೂ ಒಂದೊಂದಾಗಿ ನನ್ನ ಮಡಿಲಿನಿಂದ ಎತ್ತಿಕೊಂಡಳು. "ಅಂದ್ರ ಎಲ್ಲಾ ನನ್ನ ಹೆಸರಿಗೇ ಬಂದಿದ್ವು" ಅಂದಳು. ಆಮೇಲೆ ಅತ್ತಳು. ಮಗ ಸತ್ತು ಹತ್ತು ವರ್ಷ ದಾಟಿದ ಮೇಲೆ, ಹೆಂಚಿಲ್ಲದ ಮನೆಯಲ್ಲಿ, ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ. ಲೂಮು ನಿಂತಿದ್ದರಿಂದ ಕೇಳಿಸಿತು ಕೂಡ.

ಸೆರಗಿನಲ್ಲಿ ಮೂಗೊರೆಸಿಕೊಂಡು ಕಡೆಗೆ ಒಂದೇ ಪ್ರಶ್ನೆ ಕೇಳಿದಳು. "ಈ ಅಳೂದರ ಚೀಟಿ ಬ್ಯಾಡಂತ ತಟ್ಯಾಗ ಬಿಟ್ಟಾವ್ರು ಯಾರ್‍ಯಾರಿರಬೇಕ?"

"ಕಡೀಕ ನಾನ, ಆಯಿ. ಎಲ್ಡ ಉಳದಿದ್ವು. ನೋಡಿ, ಇದನ್ನ ಬಿಟ್ಟು ಇನ್ನೊಂದ ತಗೊಂಡ್ನಿ. ಪ್ರತಿ ವರ್ಷ ಹಂಗ ಮಾಡೇನಿ."

"ಕೂಸು ಮಡಲಾಗಿತ್ತಲ್ಲ, ಅಂಜಿದಿ" ಅಂದಳು. "ಇರ್ಲಿ ಬಿಡು. ನೀ ತಗೊಂಡಿದ್ರ ನನಗೆಲ್ಲಿ ಬರತಿತ್ತು."

ಅಷ್ಟರಲ್ಲಿ ಅಳು ಕೇಳಿ ಶಿವಲಿಂಗವ್ವ ಸೆಗಣಿ ಕೈಯಲ್ಲೇ ಓಡಿ ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. "ಎಮ್ಮಿ ಮನಿ ಬಾಜೂಕ ಒಂದ ಖೋಲಿ ಐತಿ, ಜ್ವಾಳದ ಕಣಕಿ ಮೇವು ತುಂಬೈತಿ, ತಗಸ್ತೇನಿ. ಏಳ ಬೇ" ಅಂದು ರಾಟಿಯನ್ನು ಸೊಂಟಕ್ಕೇರಿಸಿದಳು. ಆಯಿ ಡಬ್ಬಿ ಹಿಡಿದು ಹಿಂದೆ ನಡೆದಳು. ಗುಡಿಯಿಂದ ಇಪ್ಪತ್ತು ಹೆಜ್ಜೆ.

ಅಲ್ಲಿಂದಲೇ ಬಂದು ಗಂಟೆ ಹೊಡೆದಳು, ಹಿರಿಯರು ಕರೆಂಟಿನ ಗಂಟೆ ಹಾಕಿಸುವವರೆಗೆ. ಕರೆಂಟು ಹೋದ ಭಾನುವಾರಗಳಲ್ಲಿ ಅವರೇ ಅವಳಿಗೆ ಹೇಳಿಕಳಿಸುತ್ತಿದ್ದರು. ಹೊಸ ವರ್ಷದ ಚೀಟಿಯನ್ನು ನಾನು ಇದ್ದದ್ದು ಇದ್ದ ಹಾಗೆ ಓದುತ್ತಿದ್ದೆ. ಅವಳು, "ನಂದ, ನಂದ" ಎಂದು ಗಂಟು ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಖೋಲಿಯ ಮುಂದೆ ಕೂರುತ್ತಿದ್ದ ಹೆಂಗಸರಿಗೆ, "ಈ ಸಲ ನಿಮ್ಮದು ಬಂದಿಲ್ರವ್ವಾ" ಅನ್ನುತ್ತಿದ್ದಳು. ಅವರು ಆದರೂ ಬಂದು ಕೂರುತ್ತಿದ್ದರು.

ಅವಳನ್ನು ಮಣ್ಣು ಮಾಡುವಾಗ ಹಿರಿಯರು ಮಾತಾಡಿದರು. ಇಂಥ ಬಡವಳನ್ನು ಇಷ್ಟು ವರ್ಷ ಸಾಕುವ ಆಶೀರ್ವಾದವನ್ನು ದೇವರು ನಮ್ಮ ಸಭೆಗೆ ಕೊಟ್ಟಿದ್ದ ಅಂದರು. ಹಿಂದೆ ನಿಂತಿದ್ದ ಶಿವಲಿಂಗವ್ವ, "ಸಾಕಿದ್ದ ನಮ್ಮೆಮ್ಮಿ" ಎಂದು ಹಸೀನಾಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿತು. ನಾನು ಆಯಿಯ ಕೈಯ ಕೆಳಗೆ ಚೀಟಿಗಳನ್ನಿಟ್ಟೆ. ಡಬ್ಬಿ ನನ್ನ ಅಡಿಗೆಮನೆಯಲ್ಲಿದೆ, ಜೀರಿಗೆ ಹಾಕಿದ್ದೇನೆ.

ಈ ಹೊಸ ವರ್ಷಕ್ಕೆ ನಾನು ಆಯಿಯ ಜಾಗದಲ್ಲಿ ಕುಳಿತೆ. ಬಾಗಿಲ ಹತ್ತಿರ, ಜಮಖಾನೆ ಮುಗಿದಲ್ಲಿ. ಕಡೆಗೆ ಉಳಿಯುವ ಚೀಟಿ ಈಗ ನನ್ನದಾಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ತಟ್ಟೆ ಬಂತು. ವಿಚಿತ್ರ ಅಂದರೆ ಯಾರೂ ಏನನ್ನೂ ವಾಪಸ್ ಹಾಕಿರಲಿಲ್ಲ. ಎರಡು ಅಂಟಿಕೊಂಡಿವೆ ಎಂಬ ಮಾತು ಒಮ್ಮೆಯೂ ಕೇಳಲಿಲ್ಲ. ಎರಡೂ ಕಣ್ಣು ಮುಚ್ಚಿ ಎತ್ತಿದೆ. ನಿನ್ನ ಕಣಜಗಳು ತುಂಬುವವು ಎಂದಿತ್ತು.

ಮಾಸ್ತರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಕಮಿಟಿ ಠರಾವು ಮಾಡೇತ್ರೀ ಬಾಯಾರ. ಇನ್ನ ಮ್ಯಾಲ ಅಳೂದು, ಬಡತನ ಬರ್‍ಯಾಂಗಿಲ್ಲ. ಬರೀ ಛಲೋ ಛಲೋವು" ಅಂದರು.

ಅತಿಥಿಗೃಹದ ಶಹಾಬಾದಿ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಮನೆಯಲ್ಲಿ ನಮಗೆ ಇರುವುದು ಎರಡು ಮಗ್ಗ, ಜೋಳದ ಒಂದು ಡ್ರಮ್ಮು. ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಓಣಿ ದಾಟಿದೆ. ಶಿವಲಿಂಗವ್ವ ಹಿತ್ತಲಲ್ಲಿ ಎಮ್ಮೆಗೆ ಮೈ ತೊಳೆಯುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿದೆ.

"ಯವ್ವಾ, ನಿಮ್ಮ ಚೀಟಿ ನನ್ನ ಕಡೆ ಬಂದೈತಿ."